ಮಿಡಿ ಉಪ್ಪಿನಕಾಯಿ ಮಾರುತ್ತ ಫೋನಿನಿಂದ ಕಲಿತದ್ದು

ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಿ ಒಂದೇ ಸಲಕ್ಕೆ ಸಂದೇಶ ಕಳಿಸಬಹುದು. ಆದರೆ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಉಳಿದವರಿಗೆ ಹೋಗುವುದೇ ಇಲ್ಲ. ಶಿರಸಿ ಸೀಮೆಯ ಹಳ್ಳಿಯೊಂದರಲ್ಲಿ ಕುಳಿತು ಅಪ್ಪೆಮಿಡಿ ಎಂಬ ಎಳೆಮಾವಿನ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲ ಸಿಪ್ಪೆ ಮಾರುವ ನನಗೆ ಆನ್‌ಲೈನ್ ವ್ಯಾಪಾರದ ಮುಖ್ಯ ಪಾಠ ಸಿಕ್ಕಿದ್ದು ಈ ಷರತ್ತಿನಲ್ಲಿ. ನಮ್ಮ ಬಳಿ ಎಷ್ಟು ಜನರ ನಂಬರಿದೆ ಎನ್ನುವುದಕ್ಕಿಂತ ಎಷ್ಟು ಜನ ನಮ್ಮ ನಂಬರನ್ನು ಇಟ್ಟುಕೊಂಡಿದ್ದಾರೆ ಎನ್ನುವುದರ ಮೇಲೆ ವ್ಯಾಪಾರ ನಿಂತಿದೆ.

ನನ್ನ ವ್ಯಾಪಾರ ಫೋನಿಗೆ ಬಂದದ್ದು 2020ರ ಲಾಕ್‌ಡೌನ್‌ನಲ್ಲಿ. ಆ ವರ್ಷದ ಮಿಡಿ ಆಗಲೇ ಉಪ್ಪು ಹಾಕಿಸಿಕೊಂಡು ಭರಣಿ ಸೇರಿತ್ತು. ಉಪ್ಪಿನಕಾಯಿ ಕೊಳ್ಳುತ್ತಿದ್ದ ಪೇಟೆಯ ಅಂಗಡಿಗಳು ಬಾಗಿಲು ಹಾಕಿದ್ದವು. ಬೆಂಗಳೂರಿನಿಂದ ಊರಿಗೆ ಬಂದಿದ್ದ ಅಕ್ಕನ ಮಗಳು ವಾಟ್ಸಾಪ್ ಬಿಸಿನೆಸ್ ಹಾಕಿಕೊಟ್ಟಳು. ಕ್ಯಾಟಲಾಗಿನಲ್ಲಿ ಫೋಟೊ, ತೂಕ, ದರ ತುಂಬಿಸಿದಳು. ಮೊದಲು ಕೊಂಡವರು ಅಪರಿಚಿತರೇನಲ್ಲ. ಮದುವೆ, ಉಪನಯನಗಳಲ್ಲಿ ನಮ್ಮ ಮನೆಯ ಉಪ್ಪಿನಕಾಯಿ ಉಂಡವರು, ಅಮ್ಮನ ತವರಿನವರು, ಯಜಮಾನರ ಸಹಪಾಠಿಗಳು. ಅವರು ತಮ್ಮ ಅಪಾರ್ಟ್‌ಮೆಂಟಿನ ಗುಂಪಿಗೆ ಒಂದು ಮಾತು ಹಾಕಿದರೆ ಸಾಕಾಗುತ್ತಿತ್ತು. ನಾನೇ ಹೇಳಿದರೆ ಅದು ಜಾಹೀರಾತು, ಉಂಡವರು ಹೇಳಿದರೆ ಅದು ಸಾಕ್ಷಿ. ಹೊಸದಾಗಿ ಶುರುಮಾಡುವವರು ಎಲ್ಲೋ ಇರುವ ಗಿರಾಕಿಯನ್ನು ಹುಡುಕುವ ಮೊದಲು ತಮ್ಮ ಕೈರುಚಿ ಬಲ್ಲವರ ಪಟ್ಟಿ ಬರೆದುಕೊಳ್ಳಬೇಕು ಎಂದು ನಾನು ಹೇಳುವುದು ಇದಕ್ಕೇ.

ಇನ್‌ಸ್ಟಾಗ್ರಾಂ ಬಂದದ್ದು ಆಮೇಲೆ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಮರುತಿಂಗಳೇ ಭಾರತದಲ್ಲಿ ರೀಲ್ಸ್ ಶುರುವಾಯಿತು. ನನ್ನ ರೀಲ್‌ಗಳಲ್ಲಿ ಹೆಚ್ಚು ಜನ ನೋಡಿದ್ದು ಚೆಂದದ ಬಾಟಲಿಯದ್ದನ್ನಲ್ಲ. ಆಗಷ್ಟೇ ಕೊಯ್ದ ಮಿಡಿಯ ತೊಟ್ಟು ಮುರಿದಾಗ ಸೊನೆ ಜಿನುಗುವುದನ್ನು ತೋರಿಸಿದ ರೀಲ್ ಅದು. ಅಪ್ಪೆಮಿಡಿಯ ಪರಿಮಳ ಇರುವುದೇ ಆ ಸೊನೆಯಲ್ಲಿ. ಅದು ಸೋರಿಹೋಗಬಾರದೆಂದೇ ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯುತ್ತಾರೆ. ನೆಲಕ್ಕೆ ಬಿದ್ದು ಪೆಟ್ಟಾದದ್ದನ್ನು ಭರಣಿಗೆ ಹಾಕುವುದಿಲ್ಲ, ಹಾಕಿದರೆ ಜೊತೆಯಲ್ಲಿದ್ದವೂ ಕೆಡುತ್ತವೆ. ಇಷ್ಟನ್ನು ನಮ್ಮೂರಿನ ಮಾತಿನಲ್ಲೇ ಹೇಳಿದ್ದೆ. ಕೆಳಗೆ ಪ್ರಶ್ನೆಗಳು ತುಂಬಿಕೊಂಡವು. "ಯಾವ ಹೊಳೆ ದಂಡೆಯ ಮಿಡಿ?", "ಜೀರಿಗೆ ಅಪ್ಪೆ ಸಿಗ್ತದಾ?", "ಅನಂತಭಟ್ಟನ ಅಪ್ಪೆ ಇದ್ದರೆ ನನಗೊಂದು ಕಿಲೋ ಇಡಿ." ಕೇಳಿದವರು ಈ ರುಚಿಯಲ್ಲಿ ಬೆಳೆದು ದೂರ ಹೋದವರು. ಅಘನಾಶಿನಿ, ಶರಾವತಿ, ವರದೆಯ ದಂಡೆಗಳ ಮಿಡಿಗೆ ಅದರದ್ದೇ ಹೆಸರು, ಅದರದ್ದೇ ಪರಿಮಳ ಇರುವುದು ಅವರಿಗೆ ಗೊತ್ತು. ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ. ಆದರೂ ಗಿರಾಕಿಗೆ ಬೇಕಾದದ್ದು ಮರದ ಹೆಸರು, ಕೊಯ್ದವರ ಕೈ, ಭರಣಿಗೆ ಹಾಕಿದ ತಿಂಗಳು. ಸರಕಿನ ಹಿಂದಿನ ಕೆಲಸವನ್ನು ತೋರಿಸಿದಷ್ಟೂ ಚೌಕಾಸಿ ಕಡಿಮೆಯಾಗುತ್ತದೆ ಎನ್ನುವುದು ನನ್ನ ಅನುಭವ.

ಇನ್‌ಸ್ಟಾಗ್ರಾಂ ಸಂತೆಯಾದರೆ ವಾಟ್ಸಾಪ್ ಮನೆಯ ಜಗಲಿ. ಸಂತೆಯಲ್ಲಿ ನೋಡಿ ಇಷ್ಟಪಟ್ಟವರನ್ನು ಜಗಲಿಗೆ ಕರೆಯಬೇಕು, ಮಾತು ಅಲ್ಲಿ ಬೆಳೆಯುತ್ತದೆ. ಬಂದವರು ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು: ಎಣ್ಣೆ ಹಾಕಿದ್ದೀರಾ, ಎಷ್ಟು ಕಾಲ ಇಡಬಹುದು, ಪಾರ್ಸೆಲ್‌ನಲ್ಲಿ ಸೋರುವುದಿಲ್ಲವೇ. ಉತ್ತರಗಳನ್ನು ಕ್ವಿಕ್ ರಿಪ್ಲೈಯಲ್ಲಿ ಬರೆದಿಟ್ಟಿದ್ದೇನೆ. ಆದರೆ ರಕ್ತದೊತ್ತಡ ಇರುವ ಅತ್ತೆಗೆ ಕೊಡಬಹುದೇ ಎಂದು ಯಾರಾದರೂ ಕೇಳಿದರೆ ನಾನೇ ಕುಳಿತು ಉತ್ತರಿಸುತ್ತೇನೆ. ಇದು ಉಪ್ಪಿನಲ್ಲೇ ನಿಲ್ಲುವ ಪದಾರ್ಥ, ವೈದ್ಯರನ್ನು ಕೇಳಿ, ಬೇಡವೆಂದರೆ ತರಿಸಬೇಡಿ ಎನ್ನುತ್ತೇನೆ. ಹಾಗೆ ಹೇಳಿಸಿಕೊಂಡವರೊಬ್ಬರು ಅತ್ತೆಗೆ ಬೇಡವೆಂದು ಬಿಟ್ಟು, ತಮ್ಮ ಆಫೀಸಿನ ಗೆಳತಿಯರಿಗೆಲ್ಲ ನನ್ನ ನಂಬರು ಕೊಟ್ಟರು. ಆ ಗೆಳತಿಯರು ಇಂದಿಗೂ ಪ್ರತಿ ವರ್ಷ ತರಿಸುತ್ತಾರೆ.

ಊರಿನೊಳಗಿನ ನಂಟೂ ಅಷ್ಟೇ ಮುಖ್ಯ. ನಮ್ಮ ಸುತ್ತಿನಲ್ಲಿ ತೊಡದೇವು ಎಂಬ ತೆಳು ಸಿಹಿತಿಂಡಿ ಎರೆಯುವವರು ಒಬ್ಬರು, ಜೋನಿಬೆಲ್ಲದವರು ಒಬ್ಬರು, ಜೇನು ಸಾಕುವವರು ಇನ್ನೊಬ್ಬರು. ತೊಡದೇವು ಕೇಳಿದವರಿಗೆ ನಾನು ಆ ಮನೆಯ ನಂಬರು ಕೊಡುತ್ತೇನೆ, ನಡುವೆ ಕಮಿಷನ್ ಇಟ್ಟುಕೊಳ್ಳುವುದಿಲ್ಲ. ಉಪ್ಪಿನಕಾಯಿ ಕೇಳಿದವರನ್ನು ಅವರು ನನ್ನ ಕಡೆ ಕಳಿಸುತ್ತಾರೆ. ಒಂದೇ ಊರಿಗೆ ಹೋಗುವ ಸಾಮಾನಿದ್ದರೆ ಒಂದೇ ಡಬ್ಬಿಯಲ್ಲಿ ಕಟ್ಟುತ್ತೇವೆ, ಕೊರಿಯರ್ ಖರ್ಚು ಗಿರಾಕಿಗೆ ಉಳಿಯುತ್ತದೆ.

ಇಂಥ ಒಗ್ಗಟ್ಟು ಎಷ್ಟು ದೂರ ಹೋಗಬಲ್ಲದು ಎಂಬುದನ್ನು 2021ರಲ್ಲಿ ಕಣ್ಣಾರೆ ಕಂಡೆವು. ಬಾಳೆಕಾಯಿಗೆ ಬೆಲೆ ಬಿದ್ದಾಗ 'ಅಡಿಕೆ ಪತ್ರಿಕೆ' ಮತ್ತು ಅದರ ಸಂಪಾದಕ ಶ್ರೀ ಪಡ್ರೆಯವರು 'ಬಾಕಾಹು', ಅಂದರೆ ಬಾಳೆಕಾಯಿ ಹುಡಿಯ ಅಭಿಯಾನಕ್ಕೆ ಒತ್ತು ಕೊಟ್ಟರು. ಅದು ಹರಡಿದ್ದು ಹೆಚ್ಚಾಗಿ ವಾಟ್ಸಾಪಿನಲ್ಲಿ. ಕಾಯಿ ಹೆಚ್ಚಿ ಒಣಗಿಸಿ ಪುಡಿ ಮಾಡಿದ ಹೆಂಗಸರು ಅದರಿಂದ ದೋಸೆ, ಜಾಮೂನು ಮಾಡಿ ಫೋಟೊ ಹಾಕಿದರು. ನೋಡಿದವರು ಹುಡಿ ಕೇಳಿದರು. ಉತ್ತರ ಕನ್ನಡ, ದಕ್ಷಿಣ ಕನ್ನಡದ ಈ ಹೆಂಗಸರ ಕೆಲಸವನ್ನು ಪ್ರಧಾನಿ ತಮ್ಮ 'ಮನ್ ಕೀ ಬಾತ್'ನಲ್ಲಿ ಹೇಳಿದರು. ಯಾರೂ ವಿಧಾನವನ್ನು ಗುಟ್ಟು ಮಾಡಲಿಲ್ಲ, ಅದಕ್ಕೇ ಅದು ಬೆಳೆಯಿತು. ಒಬ್ಬರ ಅಡುಗೆಮನೆಯಲ್ಲಿ ಕಲಿತದ್ದನ್ನು ಇನ್ನೊಬ್ಬರ ಅಡುಗೆಮನೆಗೆ ದಾಟಿಸಿದರೆ ಇಡೀ ಸೀಮೆಗೆ ಹೆಸರು ಬರುತ್ತದೆ, ಆ ಹೆಸರಿನಲ್ಲಿ ಪ್ರತಿ ಮನೆಗೂ ಪಾಲಿದೆ.

ಕಾಗದಪತ್ರದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ, ಆದರೆ ಸಣ್ಣದೆಂದು ಬಿಡಬೇಡಿ. ತಿನ್ನುವ ಪದಾರ್ಥ ಮಾರುವವರು ಮನೆಯಲ್ಲೇ ಮಾಡಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು. ನಾನು ಮಾಡಿಸುವಾಗ ವರ್ಷಕ್ಕೆ 12 ಲಕ್ಷದೊಳಗೆ ವಹಿವಾಟು ಇದ್ದವರಿಗೆ ಶುಲ್ಕ 100 ರೂಪಾಯಿ. ಆ 14 ಅಂಕಿಯ ಸಂಖ್ಯೆ ಲೇಬಲ್ ಮೇಲಿದ್ದರೆ ಅಪರಿಚಿತರಿಗೂ ಧೈರ್ಯ. ಹೊರರಾಜ್ಯಕ್ಕೆ ಕಳಿಸುವುದಿದ್ದರೆ ಜಿಎಸ್‌ಟಿ ಬಗ್ಗೆ ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿ. ರಾಜ್ಯದೊಳಗೆ ಮಾರುವವರಿಗೆ ಇರುವ 40 ಲಕ್ಷದ ವಿನಾಯಿತಿ ಅಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಆಧರಿಸಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದಾಗ ಹಲವರು ಗಾಬರಿಯಾಗಿ ಕ್ಯೂಆರ್ ಕೋಡ್ ತೆಗೆದುಹಾಕಿದರು. ಮನೆಖರ್ಚಿನ ಖಾತೆ ಬೇರೆ, ವ್ಯಾಪಾರದ ಖಾತೆ ಬೇರೆ ಇಟ್ಟು ಬರೆದುಕೊಂಡರೆ ಕೇಳಿದಾಗ ಉತ್ತರ ಕೊಡಬಹುದು. ಮೋಸಗಾರರೂ ಬರುತ್ತಾರೆ. ಭಾರಿ ಆರ್ಡರಿನ ಆಸೆ ತೋರಿಸಿ, ಹಣ ಕಳಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎನ್ನುತ್ತಾರೆ. ಹಣ ಪಡೆಯಲು ಪಿನ್ ಬೇಡವೇ ಬೇಡ. ಸ್ಕ್ರೀನ್‌ಶಾಟ್ ನಂಬದೆ ಖಾತೆ ನೋಡಿಯೇ ಸಾಮಾನು ಕಟ್ಟಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನು ನನ್ನ ಮನಸ್ಸಿಗೆ ತೀರಾ ಹತ್ತಿರದ ಮಾತು. ದಿನವೂ ಏನಾದರೂ ಹಾಕುತ್ತಿರಬೇಕು, ಆರ್ಡರು ಏರುತ್ತಲೇ ಇರಬೇಕು ಎಂದು ಫೋನು ಆಸೆ ಹುಟ್ಟಿಸುತ್ತದೆ. ಮಿಡಿಯ ಮರಕ್ಕೆ ಆ ಅವಸರ ಗೊತ್ತಿಲ್ಲ. ಅದು ಶಿವರಾತ್ರಿಯ ಆಸುಪಾಸಿನಲ್ಲಿ ಕೆಲವೇ ವಾರ ಮಿಡಿ ಕೊಡುತ್ತದೆ, ಒಂದು ವರ್ಷ ಬಿಟ್ಟರೆ ಇನ್ನೊಂದು ವರ್ಷ ಬಿಡುವುದಿಲ್ಲ. ಬೇಡಿಕೆ ಏರಿದಂತೆ ಕೊಯ್ಯುವ ಆತುರದಲ್ಲಿ ಕೊಂಬೆಯನ್ನೇ ಕಡಿದು ಇಳಿಸಿದ್ದನ್ನು ಹೊಳೆದಂಡೆಯಲ್ಲಿ ನೋಡಿದ್ದೇನೆ. ಮುಂದಿನ ವರ್ಷ ಆ ಕೊಂಬೆ ಇರುವುದಿಲ್ಲ. ಹತ್ತು ಊರಿನಿಂದ ಬಂದ ಆರ್ಡರು ಒಂದು ಮರವನ್ನು ಮುಗಿಸಬಲ್ಲದು ಎಂಬ ಭಯ ನನಗಿದೆ.

ಅದಕ್ಕೇ ವರ್ಷದ ಮಿತಿಯನ್ನು ಕೊಯ್ಲಿಗೆ ಮೊದಲೇ ಹೇಳಿಬಿಡುತ್ತೇನೆ. ಸಂಕ್ರಾಂತಿ ಕಳೆದ ಮೇಲೆ ಮರಗಳನ್ನು ನೋಡಿ ಬಂದು ವಾಟ್ಸಾಪ್ ಪಟ್ಟಿಯಲ್ಲಿರುವವರಿಗೆ ಬರೆಯುತ್ತೇನೆ: ಈ ಸಲ ಹೂವು ಹೀಗಿದೆ, ಇಷ್ಟು ಭರಣಿ ಆಗಬಹುದು, ಬೇಕಾದವರು ಮುಂಗಡ ಹೇಳಿ. ಮುಂಗಡದ ಹಣದಿಂದ ಕೊಯ್ಯುವವರಿಗೆ ಒಳ್ಳೆಯ ಕೂಲಿ ಕೊಡಲು ಸಾಧ್ಯ. ಕೊಂಬೆ ಕಡಿದು ತಂದ ಮಿಡಿ ಕೊಳ್ಳುವುದಿಲ್ಲ ಎಂಬ ಮಾತನ್ನು ಗಟ್ಟಿಯಾಗಿ ಹೇಳಲೂ ಸಾಧ್ಯ. ಉಳಿದದ್ದರಲ್ಲಿ ಅಪ್ಪೆಯ ಕಸಿ ಗಿಡ ತಂದು ಬೇಲಿಯಂಚಿಗೆ ನೆಡುತ್ತಿದ್ದೇವೆ. ಈ ಸಲ ಇಲ್ಲ ಎಂದರೆ ಪಟ್ಟಿಯವರು ಬೇಸರಿಸುವುದಿಲ್ಲ, ಮುಂದಿನ ಸಲಕ್ಕೆ ಹೆಸರು ಬರೆಸುತ್ತಾರೆ. ಒಂದು ವರ್ಷ ಕಾಯಲು ಒಪ್ಪುವ ಗಿರಾಕಿ ಯಾವ ಜಾಹೀರಾತಿನಿಂದಲೂ ಸಿಗುವುದಿಲ್ಲ. ಕೇಳಿದ್ದಕ್ಕೆ ನಿಜ ಹೇಳಿ, ಹೇಳಿದ ದಿನ ಕಳಿಸಿ, ಕೆಟ್ಟದ್ದು ಹೋದರೆ ಬದಲಿ ಕೊಟ್ಟು ಅವರನ್ನು ಒಬ್ಬೊಬ್ಬರಾಗಿ ಗಳಿಸಬೇಕು.

ಊರಿನ ಹುಡುಗಿಯರು ಈಗ ನನ್ನನ್ನು ಕೇಳುತ್ತಾರೆ, "ಅಕ್ಕಾ, ಎಷ್ಟು ಫಾಲೋವರ್ಸ್ ಆದ ಮೇಲೆ ಶುರುಮಾಡಲಿ?" ಇಂದೇ ಶುರುಮಾಡು ಎನ್ನುತ್ತೇನೆ. ಮಾಡಲು ಬರುವ ಒಂದೇ ಪದಾರ್ಥವನ್ನು ಚೆನ್ನಾಗಿ ಮಾಡು, ಹತ್ತು ಮನೆಗೆ ಕೊಡು, ಉಂಡ ಮೇಲೆ ಹೇಗಿತ್ತೆಂದು ಕೇಳು. ಅವರು ಹೇಳಿದ ಕೊರತೆಯನ್ನು ತಿದ್ದಿ ಎರಡನೆಯ ಸಲ ಮಾಡು. ಆ ಹತ್ತು ಮನೆಯವರು ತಾವಾಗಿಯೇ ಮತ್ತೆ ಕೇಳಿದ ದಿನ ನಿನ್ನ ವ್ಯಾಪಾರ ನೆಲೆನಿಂತಿತೆಂದು ತಿಳಿ, ರೀಲ್ ಮಾಡುವುದನ್ನು ಆಮೇಲೆ ಕಲಿತರಾಯಿತು.