ಎರಡು ಹಂತದ ಮಾದರಿ ರಾಕೆಟ್: ಸಂವೇಗ ಕಲಿಸಲು ಒಂದು ಪಾಠ

ಹಿನ್ನೆಲೆ

ಒಂಬತ್ತನೇ ತರಗತಿಯ ‘ಬಲ ಮತ್ತು ಚಲನೆಯ ನಿಯಮಗಳು’ ಘಟಕದಲ್ಲಿ ನ್ಯೂಟನ್ನನ ಮೂರನೇ ನಿಯಮಕ್ಕೆ ರಾಕೆಟ್ಟಿನ ಉದಾಹರಣೆ ಕೊಡುವುದು ವಾಡಿಕೆ. ಊದಿದ ಬಲೂನು ಬಿಟ್ಟು ‘ಗಾಳಿ ಹಿಂದಕ್ಕೆ, ಬಲೂನು ಮುಂದಕ್ಕೆ’ ಎಂದು ತೋರಿಸಿ ಮುಂದಿನ ಅಂಶಕ್ಕೆ ಹೋಗುತ್ತೇವೆ. ಆದರೆ ಮಕ್ಕಳು ಟಿ.ವಿ.ಯಲ್ಲಿ ನೋಡುವ ರಾಕೆಟ್ಟು ಒಂದೇ ತುಂಡಾಗಿ ಮೇಲೆ ಹೋಗುವುದಿಲ್ಲ. ಶ್ರೀಹರಿಕೋಟಾದಿಂದ ಏಳುವ ಪಿಎಸ್‌ಎಲ್‌ವಿಗೆ ನಾಲ್ಕು ಹಂತಗಳಿವೆ. ಅವು ಒಂದೊಂದಾಗಿ ಕಳಚಿ ಬೀಳುತ್ತವೆ.

ಅಭ್ಯಾಸ ಬೋಧನೆಯ ಅವಧಿಯಲ್ಲಿ ಈ ಘಟಕ ನನಗೆ ಬಂದಾಗ, ಪಾಠಕ್ಕೆ ಮೊದಲು ‘ರಾಕೆಟ್ಟಿಗೆ ಹಂತಗಳು ಯಾಕೆ ಬೇಕು?’ ಎಂದು ಮಕ್ಕಳಿಂದ ಒಂದೊಂದು ವಾಕ್ಯ ಬರೆಸಿದೆ. ಹೆಚ್ಚಿನವರ ಉತ್ತರ ಒಂದೇ: ‘ಎಂಜಿನ್ ಜಾಸ್ತಿಯಾದರೆ ಶಕ್ತಿ ಜಾಸ್ತಿ.’ ಈ ಉತ್ತರ ಪೂರ್ತಿ ತಪ್ಪಲ್ಲ, ಆದರೆ ಮುಖ್ಯವಾದ ಕಾರಣ ಅದರಲ್ಲಿಲ್ಲ. ಹಂತಗಳಿಂದ ಸಿಗುವ ಲಾಭ ಎಂಜಿನ್ ಸೇರಿಸುವುದರಲ್ಲಿಲ್ಲ, ಖಾಲಿಯಾದ ಹೊರೆಯನ್ನು ಬಿಟ್ಟುಹೋಗುವುದರಲ್ಲಿದೆ. ಇದನ್ನು ಮಕ್ಕಳೇ ಲೆಕ್ಕ ಹಾಕಿ ಕಂಡುಕೊಳ್ಳಬೇಕು ಎಂಬ ಗುರಿಯಿಟ್ಟು ಮೂರು ಅವಧಿಗಳ ಪಾಠ ಯೋಜಿಸಿದೆ.

ಮಾದರಿಯ ಆಯ್ಕೆ

ಅಮೆರಿಕದಲ್ಲಿ 1960ರ ದಶಕದಲ್ಲಿ ಬಳಕೆಗೆ ಬಂದ ಎರಡು ಹಂತದ ಕಾಗದದ ರಾಕೆಟ್ಟನ್ನು ಆರಿಸಿಕೊಂಡೆ. ಎಸ್ಟೆಸ್ ಕಂಪನಿಯ ‘ಅಪೋಜಿ 2’ ಅಂಥದ್ದು. ಅದೇ ಕಂಪನಿಯ ‘ಫಾರ್‌ಸೈಡ್’ ಮೂರು ಹಂತದ್ದು. ತಯಾರಿಕೆ ನಿಂತುಹೋದ ಇಂಥ ಹಳೆಯ ಮಾದರಿಗಳನ್ನು ಹಳೆಯ ನಕ್ಷೆ ನೋಡಿ ಮತ್ತೆ ಕಟ್ಟಿ ಹಾರಿಸುವ ಹವ್ಯಾಸಿಗಳು ಅಲ್ಲಿ ಇಂದಿಗೂ ಇದ್ದಾರೆ. ಕಾಗದದ ಕೊಳವೆ, ಹಗುರ ಮರದ ರೆಕ್ಕೆ, ಒಳಗೆ ಕಾರ್ಖಾನೆಯಲ್ಲಿ ತಯಾರಾದ ಪುಟ್ಟ ಎಂಜಿನ್: ಇಷ್ಟೇ ಅದರ ಅಂಗಗಳು. ಎಲ್ಲವನ್ನೂ ಬಿಚ್ಚಿ ತೋರಿಸಬಹುದಾದ್ದರಿಂದ ಪಾಠಕ್ಕೆ ಅನುಕೂಲ.

ಮದ್ದಿನ ಎಂಜಿನನ್ನು ತರಗತಿಗೆ ತರಲಿಲ್ಲ. ಅದರ ಅಳತೆಯ ಮರಳಿನ ಎಂಜಿನ್ ಮಾಡಿಕೊಂಡೆವು.

ಸಾಮಗ್ರಿ: ಹಳೆಯ ಡ್ರಾಯಿಂಗ್ ಶೀಟು, ಮೈದಾ ಅಂಟು, 20 ಮಿ.ಮೀ. ದಪ್ಪದ ಕರೆಂಟ್ ಪೈಪಿನ ತುಂಡು, ರಟ್ಟು, ಜೇಡಿಮಣ್ಣು, ಮರಳು, ಸೆಲ್ಲೋ ಟೇಪು, ದಾರ, ಎರಡು ಉದ್ದ ಬಲೂನು, ಕಾಗದದ ಲೋಟ, ಸ್ಟ್ರಾ, ನೈಲಾನ್ ದಾರ, ಕಲ್ಲುಸಕ್ಕರೆ.

ಮೊದಲ ಅವಧಿ: ಕಟ್ಟುವುದು

ಪೈಪಿನ ಮೇಲೆ ಅಂಟು ಹಚ್ಚಿದ ಕಾಗದ ಸುತ್ತಿ, ಒಣಗಿದ ಮೇಲೆ ಜಾರಿಸಿ ತೆಗೆದರೆ ರಾಕೆಟ್ಟಿನ ಮೈ ಸಿದ್ಧ. ಎಂಜಿನ್‌ಗೆ 18 ಮಿ.ಮೀ. ದಪ್ಪ, 70 ಮಿ.ಮೀ. ಉದ್ದದ ಕಾಗದದ ಕೊಳವೆ. ಅಂಗಡಿಯಲ್ಲಿ ಸಿಗುವ ನಿಜವಾದ ಎಂಜಿನ್ನಿನ ಅಳತೆಯೂ ಇದೇ. ಒಳಗೆ ಮರಳು ತುಂಬಿ ಸುಮಾರು 20 ಗ್ರಾಂ ತೂಗುವಂತೆ ಮಾಡಿ, ಎರಡೂ ತುದಿಗೆ ಜೇಡಿಮಣ್ಣು ಮೆತ್ತಿದೆವು. ಮೈಯೊಳಗೆ ಸಡಿಲವಾದಲ್ಲಿ ಕಾಗದ ಸುತ್ತಿ ಬಿಗಿ ಮಾಡಿದೆವು. ರಟ್ಟಿನ ರೆಕ್ಕೆ, ತುದಿಗೆ ಕಾಗದದ ಮೂತಿ.

ಇಷ್ಟಾದ ಮೇಲೆ ಒಂದು ಎಂಜಿನ್ನನ್ನು ಉದ್ದಕ್ಕೆ ಸೀಳಿದ ಚಿತ್ರ ತೋರಿಸಿ, ನಿಜವಾದ ಎಂಜಿನ್ ಹೇಗೆ ಕೆಲಸ ಮಾಡುತ್ತದೆಂದು ವಿವರಿಸಿದೆ. ಕೆಳಗಡೆ ಮಣ್ಣಿನ ಕಿರಿದಾದ ಬಾಯಿ. ಅದರ ಮೇಲೆ ಒತ್ತಿ ಕೂರಿಸಿದ ಕರಿಮದ್ದು. ಮೇಲಿನ ಹಂತದ ಎಂಜಿನ್‌ನಲ್ಲಿ ಆ ಮದ್ದಿನ ಮೇಲೆ ನಿಧಾನವಾಗಿ ಉರಿಯುವ ಪದರ, ಅದರ ಮೇಲೆ ಪ್ಯಾರಾಚೂಟನ್ನು ಹೊರತಳ್ಳುವ ಚಿಟಿಕೆ ಮದ್ದು. ಕೆಳಗಿನ ಹಂತದ ಎಂಜಿನ್‌ನಲ್ಲಿ ಈ ಎರಡೂ ಇರುವುದಿಲ್ಲ. ಮದ್ದು ಉರಿದು ಮುಗಿಯುವಾಗ ಉಳಿದ ತೆಳುಪದರ ಮೇಲಕ್ಕೆ ಒಡೆದು, ಬಿಸಿ ಅನಿಲ ಮತ್ತು ಕಿಡಿಗಳು ಮೇಲಿನ ಎಂಜಿನ್ನಿನ ಬಾಯೊಳಗೆ ನುಗ್ಗಿ ಅದನ್ನು ಹೊತ್ತಿಸುತ್ತವೆ. ಮೇಲಿನ ಎಂಜಿನ್ ಉರಿಯಲು ಶುರುವಾದೊಡನೆ ಕೆಳಗಿನದನ್ನು ತಳ್ಳಿಬಿಡುತ್ತದೆ. ಎರಡರ ನಡುವೆ ತಂತಿಯಿಲ್ಲ, ಬ್ಯಾಟರಿಯಿಲ್ಲ. ಒಂದು ಸುತ್ತು ಸೆಲ್ಲೋ ಟೇಪು ಮಾತ್ರ. ಕಿಡಿ ತಲುಪುವ ಮೊದಲೇ ಒತ್ತಡಕ್ಕೆ ಎರಡೂ ದೂರವಾಗದಂತೆ ಹಿಡಿದಿಡುವುದು ಆ ಟೇಪಿನ ಕೆಲಸ. ಮಕ್ಕಳು ಮರಳಿನ ಎರಡು ಎಂಜಿನ್‌ಗಳನ್ನು ಹಾಗೆಯೇ ಒಂದಕ್ಕೊಂದು ತಾಗಿಸಿ ಟೇಪು ಸುತ್ತಿದರು.

ಎಂಜಿನ್ನಿನ ಮೇಲಿನ ಗುರುತನ್ನು ಓದುವುದೂ ಒಂದು ಪಾಠ. ‘ಬಿ 6-0’ ಎಂದಿದ್ದರೆ, ‘ಬಿ’ ಎಂಬುದು ಎಂಜಿನ್ ಒಟ್ಟು ಕೊಡುವ ಸಂವೇಗದ ವರ್ಗ: 2.5ರಿಂದ 5 ನ್ಯೂಟನ್-ಸೆಕೆಂಡ್. 6 ಎಂಬುದು ನ್ಯೂಟನ್‌ಗಳಲ್ಲಿ ಸರಾಸರಿ ನೂಕುಬಲ. 0 ಎಂದರೆ ತಡವಿಲ್ಲ, ಇದು ಕೆಳಗಿನ ಹಂತಕ್ಕೆ. ಮೇಲಿನ ಹಂತಕ್ಕೆ ‘ಬಿ 6-6’ ಹಾಕಿದರೆ, ಉರಿದು ಮುಗಿದ 6 ಸೆಕೆಂಡಿನ ನಂತರ ಪ್ಯಾರಾಚೂಟು ಬಿಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತು ರಾಕೆಟ್ಟು ಗಳಿಸಿದ ವೇಗದಲ್ಲೇ ಮೇಲೇರುತ್ತದೆ. ‘ಎಂಜಿನ್ ಆರಿದ ಮೇಲೂ ಯಾಕೆ ಮೇಲೆ ಹೋಗುತ್ತೆ?’ ಎಂದು ಕೇಳಿದೆ. ‘ಜಡತ್ವ’ ಎಂಬ ಉತ್ತರ ಹಿಂದಿನ ಬೆಂಚಿನಿಂದ ಬಂತು.

ಎರಡನೇ ಅವಧಿ: ಬೀಸಿ ನೋಡುವುದು, ಹಾರಿಸುವುದು

ರಾಕೆಟ್ಟು ನೆಟ್ಟಗೆ ಹೋಗಬೇಕಾದರೆ ಅದರ ಗುರುತ್ವ ಕೇಂದ್ರ, ಗಾಳಿಯ ಒತ್ತಡ ಕೇಂದ್ರಕ್ಕಿಂತ ಮುಂದೆ, ಮೂತಿಯ ಕಡೆಗೆ ಇರಬೇಕು. ಹವ್ಯಾಸಿಗಳು ಇದನ್ನು ನೋಡುವ ಹಳೆಯ ಉಪಾಯ ಸರಳವಾದದ್ದು. ರಾಕೆಟ್ಟನ್ನು ಬೆರಳ ಮೇಲೆ ತೂಗಿ, ಸಮತೋಲ ನಿಂತ ಜಾಗಕ್ಕೆ ದಾರ ಕಟ್ಟಿ, ಜಾರದಂತೆ ಟೇಪು ಹಚ್ಚಿ, ಮೈದಾನದಲ್ಲಿ ತಲೆಯ ಮೇಲೆ ಸುತ್ತ ಬೀಸುವುದು. ಮೂತಿ ಮುಂದಾಗಿ ಸುತ್ತಿದರೆ ರಾಕೆಟ್ಟು ಸ್ಥಿರ.

ಮೇಲಿನ ಹಂತವೊಂದನ್ನೇ ಬೀಸಿದಾಗ ಮೂತಿ ಮುಂದಾಗಿ ಓಡಿತು. ಅದೇ ಅಳತೆಯ ರೆಕ್ಕೆಯುಳ್ಳ ಕೆಳಗಿನ ಹಂತವನ್ನು ಜೋಡಿಸಿ, ದಾರವನ್ನು ಹೊಸ ಸಮತೋಲದ ಜಾಗಕ್ಕೆ ಕಟ್ಟಿ ಬೀಸಿದಾಗ ಅಡ್ಡಡ್ಡವಾಗಿ ಒದ್ದಾಡಿತು. ಬಾಲದಲ್ಲಿ ಇನ್ನೊಂದು ಎಂಜಿನ್ನಿನ ಭಾರ ಕೂತದ್ದರಿಂದ ಗುರುತ್ವ ಕೇಂದ್ರ ಹಿಂದೆ ಸರಿದಿತ್ತು. ಒಂದು ಗುಂಪು ಮೂತಿಗೆ ಜೇಡಿಮಣ್ಣು ಮೆತ್ತಿತು, ಇನ್ನೊಂದು ಗುಂಪು ಕೆಳಗಿನ ರೆಕ್ಕೆಗಳನ್ನು ದೊಡ್ಡದಾಗಿ ಕತ್ತರಿಸಿತು. ಎರಡೂ ನೆಟ್ಟಗೆ ಸುತ್ತಿದವು. ಯಾವುದು ಒಳ್ಳೆಯದು ಎಂಬ ಚರ್ಚೆಯಲ್ಲಿ ‘ಮಣ್ಣನ್ನು ಕೊನೆಯವರೆಗೂ ಹೊರಬೇಕು, ರೆಕ್ಕೆ ಅರ್ಧ ದಾರಿಯಲ್ಲೇ ಬಿದ್ದುಹೋಗುತ್ತೆ’ ಎಂದು ಒಬ್ಬಳು ಹೇಳಿದಳು. ಹಳೆಯ ಎರಡು ಹಂತದ ಮಾದರಿಗಳಲ್ಲಿ ಕೆಳಗಿನ ರೆಕ್ಕೆಗಳು ದೊಡ್ಡದಿರುವುದಕ್ಕೆ ಕಾರಣ ಇದೇ.

ಹಾರಿಸುವ ಭಾಗಕ್ಕೆ ಬಲೂನು. ತರಗತಿಯ ಉದ್ದಕ್ಕೂ ನೈಲಾನ್ ದಾರ ಕಟ್ಟಿ ಎರಡು ಸ್ಟ್ರಾ ಪೋಣಿಸಿದೆವು. ಮುಂದಿನ ಬಲೂನನ್ನು ಮುಕ್ಕಾಲು ಪಾಲು ಊದಿ, ಬಾಯಿ ಹಿಡಿದುಕೊಂಡು, ಕಾಗದದ ಲೋಟದಿಂದ ಕತ್ತರಿಸಿದ ಬಳೆಯೊಳಗೆ ತೂರಿಸಬೇಕು. ಎರಡನೆಯ ಬಲೂನಿನ ತಲೆ ಅದೇ ಬಳೆಯೊಳಗೆ ಬರುವಂತಿಟ್ಟು ಊದಿದರೆ, ಅದು ಉಬ್ಬಿ ಮೊದಲನೆಯದರ ಬಾಯನ್ನು ಅದುಮಿ ಮುಚ್ಚುತ್ತದೆ. ಎರಡನ್ನೂ ಸ್ಟ್ರಾಗಳಿಗೆ ಅಂಟಿಸಿ ಹಿಂದಿನದರ ಬಾಯಿ ಬಿಟ್ಟರೆ, ಅದರ ಗಾಳಿ ಮುಗಿಯುತ್ತಲೇ ಮುಂದಿನದು ತಾನಾಗಿ ಬಿಡುಗಡೆಯಾಗಿ ಓಡುತ್ತದೆ.

ಕಪ್ಪುಹಲಗೆಯ ಲೆಕ್ಕ

ಬಲೂನು ಹಂತಗಳ ಕ್ರಮವನ್ನು ತೋರಿಸುತ್ತದೆ, ಲಾಭವನ್ನಲ್ಲ. ಲಾಭಕ್ಕೆ ಲೆಕ್ಕವೇ ಬೇಕು. ಗಾಳಿಯ ತಡೆ, ಗುರುತ್ವ, ಉರಿದುಹೋಗುವ ಮದ್ದಿನ ತೂಕ ಇವನ್ನು ಸದ್ಯಕ್ಕೆ ಬಿಟ್ಟು ಹೀಗೆ ಹಿಡಿದೆವು: ಒಂದೊಂದು ಹಂತವೂ 50 ಗ್ರಾಂ, ಒಂದೊಂದು ಎಂಜಿನ್ ಕೊಡುವ ಸಂವೇಗ 5 ಕಿ.ಗ್ರಾಂ ಮೀ/ಸೆ.

ಎರಡೂ ಎಂಜಿನ್ ಒಟ್ಟಿಗೆ: 10 ÷ 0.1 = 100 ಮೀ/ಸೆ.
ಒಂದರ ನಂತರ ಒಂದು, ಕಳಚದೆ: 50 + 50 = 100 ಮೀ/ಸೆ.
ಒಂದರ ನಂತರ ಒಂದು, ಕಳಚಿ: (5 ÷ 0.1) + (5 ÷ 0.05) = 50 + 100 = 150 ಮೀ/ಸೆ.

ಮೂರರಲ್ಲೂ ಎಂಜಿನ್ ಎರಡೇ, ಮದ್ದೂ ಅಷ್ಟೇ. ಹೆಚ್ಚಿಗೆ ಬಂದ 50 ಮೀ/ಸೆ ಎಲ್ಲಿಂದ ಬಂತು ಎಂದು ಕೇಳಿ ಸುಮ್ಮನಿದ್ದೆ. ‘ಬೆಟ್ಟ ಹತ್ತುವಾಗ ಖಾಲಿ ಕ್ಯಾನು ಅರ್ಧದಲ್ಲೇ ಇಟ್ಟುಹೋದ ಹಾಗೆ’ ಎಂಬ ಮಾತು ಮಕ್ಕಳ ನಡುವಿನಿಂದಲೇ ಬಂತು. ಅದನ್ನೇ ಹಲಗೆಯ ಮೇಲೆ ನಿರೂಪಣೆಯಾಗಿ ಬರೆದೆ.

ಮೂರನೇ ಅವಧಿ: ಮದ್ದಿನ ಪ್ರಶ್ನೆ

ದೀಪಾವಳಿ ಹತ್ತಿರವಿತ್ತು. ‘ಮಿಸ್, ಪಟಾಕಿ ರಾಕೆಟ್ಟಿನ ಮದ್ದು ಬಿಡಿಸಿ ಇದಕ್ಕೆ ತುಂಬಿದ್ರೆ ಹಾರಲ್ವಾ?’ ಎಂದು ಒಬ್ಬ ಹುಡುಗ ಕೇಳಿದ. ‘ಕೂಡದು’ ಎಂದಷ್ಟೇ ಹೇಳಿ ಕೂರಿಸಿದರೆ ಪ್ರಶ್ನೆ ಅವನ ಜೊತೆ ಮನೆಗೆ ಹೋಗುತ್ತದೆ. ಆದ್ದರಿಂದ ಇಡೀ ಮೂರನೇ ಅವಧಿಯನ್ನು ಆ ಪ್ರಶ್ನೆಗೇ ಕೊಟ್ಟೆ.

ಮೊದಲು ಪ್ರಯೋಗ. ಒಂದು ಲೋಟ ನೀರಿಗೆ ಕಲ್ಲುಸಕ್ಕರೆಯ ಒಂದು ಹರಳು, ಇನ್ನೊಂದಕ್ಕೆ ಅಷ್ಟೇ ತೂಕದ ಪುಡಿ. ಪುಡಿ ಬೇಗ ಕರಗಿತು, ಹರಳು ಹಾಗೇ ಉಳಿದಿತ್ತು. ಮದ್ದಿನ ಕತೆಯೂ ಹೀಗೆಯೇ. ಕಾರ್ಖಾನೆಯಲ್ಲಿ ಮದ್ದನ್ನು ಸಮನಾಗಿ ಒತ್ತಿ ಗಟ್ಟಿ ಮಾಡಿರುತ್ತಾರೆ. ಅದು ಪದರ ಪದರವಾಗಿ ಉರಿಯುತ್ತದೆ. ಕೈಯಲ್ಲಿ ತುಂಬಿದ ಮದ್ದಿನಲ್ಲಿ ಸಂದು, ಬಿರುಕು ಇರುತ್ತವೆ. ಉರಿಯುವ ಮೇಲ್ಮೈ ಒಮ್ಮೆಲೇ ಹೆಚ್ಚಿ, ಒತ್ತಡ ಏರಿ, ಕೊಳವೆ ಸಿಡಿಯುತ್ತದೆ. ಟಿಪ್ಪುವಿನ ಕಾಲದ ಮೈಸೂರು ರಾಕೆಟ್ಟುಗಳು ಕಬ್ಬಿಣದ ಕೊಳವೆಯಿಂದಾಗಿ ಹೆಚ್ಚು ಒತ್ತಡ ತಾಳಿ ಹೆಚ್ಚು ದೂರ ಹೋಗುತ್ತಿದ್ದವು. ಆದರೆ ಅವು ಯುದ್ಧದ ಆಯುಧಗಳು. ಲೋಹ ಸಿಡಿದರೆ ಚೂರುಗಳು ಮೈಗೆ ನೆಡುತ್ತವೆ. ಅದಕ್ಕೇ ಮಾದರಿ ರಾಕೆಟ್ಟಿನ ಮೈ ಕಾಗದದ್ದು.

ನಂತರ ಚರಿತ್ರೆ. ಈ ಹವ್ಯಾಸ ಹುಟ್ಟಿದ್ದೇ ಬೋಧನೋಪಕರಣವಾಗಿ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ನಾರ್ಫೋಕ್‌ನಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡಿದ್ದ ಆರ್ವಿಲ್ ಕಾರ್ಲೈಲ್, 1954ರಲ್ಲಿ ತನ್ನ ಅಣ್ಣತಮ್ಮಂದಿರಲ್ಲೊಬ್ಬನಾದ ರಾಬರ್ಟನ ಉಪನ್ಯಾಸಗಳಿಗೆ ತೋರಿಸಲೆಂದು ಚಿಕ್ಕ ಎಂಜಿನ್ ಮಾಡಿಕೊಟ್ಟ. ಆ ಕಾಲದಲ್ಲಿ ಅಲ್ಲಿನ ಹುಡುಗರು ಪೈಪುಗಳಿಗೆ ತಾವೇ ಮದ್ದು ತುಂಬಿ ಗಾಯಗೊಳ್ಳುತ್ತಿದ್ದರು. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿದ ಮೇಲೆ ರಾಕೆಟ್ಟಿನ ಹುಚ್ಚು ಇನ್ನೂ ಏರಿತು. ಈ ಅಪಾಯದ ಬಗ್ಗೆ ಬರೆಯುತ್ತಿದ್ದ ಹ್ಯಾರಿ ಸ್ಟೈನ್ ಎಂಬ ರಾಕೆಟ್ ತಂತ್ರಜ್ಞನಿಗೆ ಕಾರ್ಲೈಲ್ ತನ್ನ ಮಾದರಿ ಕಳಿಸಿದ. 1958ರಲ್ಲಿ ವೆರ್ನ್ ಎಸ್ಟೆಸ್ ಎಂಜಿನ್ ತಯಾರಿಸುವ ಯಂತ್ರ ಕಟ್ಟಿದ. ಹವ್ಯಾಸದ ನಿಯಮಗಳು ಆಗಲೇ ರೂಪುಗೊಂಡವು: ಮದ್ದನ್ನು ಕೈಯಿಂದ ಮುಟ್ಟಬಾರದು, ಲೋಹದ ಮೈ ಕೂಡದು, ದೂರ ನಿಂತು ವಿದ್ಯುತ್ತಿನಿಂದಲೇ ಹೊತ್ತಿಸಬೇಕು. ‘ನೀನು ಕೇಳಿದ ಪ್ರಶ್ನೆಯನ್ನೇ ಅವರೂ ಕೇಳಿಕೊಂಡರು, ಉತ್ತರವಾಗಿ ಈ ಕಾಗದದ ರಾಕೆಟ್ಟು ಬಂತು’ ಎಂದು ಹುಡುಗನಿಗೆ ಹೇಳಿದೆ. ನಿಯಮಗಳನ್ನು ಓದಿ, ಒಂದೊಂದಕ್ಕೂ ಕಾರಣ ಬರೆದು ಗೋಡೆಗೆ ಹಚ್ಚುವ ಕೆಲಸವನ್ನು ಅವನ ಗುಂಪಿಗೇ ಒಪ್ಪಿಸಿದೆ.

ಮೌಲ್ಯಮಾಪನ

1. ಕೆಳಗಿನ ಹಂತದ ಎಂಜಿನ್‌ನಲ್ಲಿ ತಡಪದರ ಇದ್ದರೆ ಏನಾಗುತ್ತದೆ?
2. ಮೇಲಿನ ಹಂತ 40 ಗ್ರಾಂ, ಕೆಳಗಿನದು 60 ಗ್ರಾಂ ಆದರೆ ಕೊನೆಯ ವೇಗ ಎಷ್ಟು?
3. ಪಿಎಸ್‌ಎಲ್‌ವಿ ನೆಲ ಬಿಡುವಾಗ ಸುಮಾರು 320 ಟನ್ ತೂಗುತ್ತದೆ. ಕಕ್ಷೆ ಸೇರುವ ಉಪಗ್ರಹ 2 ಟನ್ನಿಗಿಂತ ಕಡಿಮೆ. ಉಳಿದ ತೂಕ ಏನಾಯಿತು? (ಗೃಹಕಾರ್ಯ)

ಮೊದಲು ಬರೆಸಿದ ಪ್ರಶ್ನೆಯನ್ನೇ ಕೊನೆಗೆ ಮತ್ತೆ ಬರೆಸಿದೆ. ‘ಶಕ್ತಿ ಜಾಸ್ತಿ’ ಎಂಬುದರ ಜಾಗದಲ್ಲಿ ‘ಹೊರೆ ಕಡಿಮೆ’ ಎಂಬ ಮಾತು ಹೆಚ್ಚಿನ ಉತ್ತರಗಳಲ್ಲಿ ಬಂದಿತ್ತು.

ಸಹಪ್ರಶಿಕ್ಷಣಾರ್ಥಿಗಳಿಗೆ

ಒಂದೊಂದು ಉಪಕರಣ ಒಂದೊಂದನ್ನೇ ತೋರಿಸುತ್ತದೆ. ಮರಳಿನ ಎಂಜಿನ್ ಜೋಡಣೆಯನ್ನು, ದಾರ ಸ್ಥಿರತೆಯನ್ನು, ಬಲೂನು ಕ್ರಮವನ್ನು, ಲೆಕ್ಕ ಕಾರಣವನ್ನು. ಲೆಕ್ಕವನ್ನು ಬಿಟ್ಟರೆ ಉಳಿದದ್ದು ಆಟವಾಗುತ್ತದೆ. ದಾರ ಬೀಸುವಾಗ ಸುತ್ತ ನಾಲ್ಕೈದು ಮೀಟರ್ ಖಾಲಿಯಿರಲಿ. ಬಲೂನುಗಳನ್ನು ಹಿಂದಿನ ದಿನವೇ ಒಮ್ಮೆ ಊದಿ ಸಡಿಲ ಮಾಡಿಟ್ಟುಕೊಳ್ಳಿ. ಮದ್ದಿನ ಪ್ರಶ್ನೆ ಯಾವ ತರಗತಿಯಲ್ಲಾದರೂ ಬಂದೇ ಬರುತ್ತದೆ. ಅದಕ್ಕೆ ಪಾಠಯೋಜನೆಯಲ್ಲೇ ಸಮಯ ಇಟ್ಟುಕೊಳ್ಳಿ.