ಜೀವನಶೈಲಿ ಮತ್ತು ಆರೋಗ್ಯ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಮುಖ್ಯಾಂಶಗಳು

ಮೂಲ ಅಂಶ: ಈ ಸೀಮೆಯ ಸಾಂಪ್ರದಾಯಿಕ ಊಟ ಬಲವಾದದ್ದು. ತೊಂದರೆ ಕೊಡುವುದು ಊಟದ ಸುತ್ತ ಬೆಳೆದ ರೂಢಿಗಳು: ಊಟದ ಬೆನ್ನಿಗೇ ಚಹಾ, ಬಾಯಲ್ಲಿ ತಂಬಾಕು, ಹೆಚ್ಚು ಉಪ್ಪು, ಕಡಿಮೆಯಾದ ಮೈದಣಿವು.

1. ಸ್ಥಳ ಪರಿಚಯ
- ನಾಲ್ಕೂ ವಿಜಯಪುರ ಜಿಲ್ಲೆಯ ಹಳೆಯ ತಾಲ್ಲೂಕುಗಳು. ಬಿಜಾಪುರ ಎಂಬ ಹೆಸರು ವಿಜಯಪುರ ಎಂದು ಬದಲಾದದ್ದು 2014ರ ನವೆಂಬರ್ 1ರಂದು.
- ಇವುಗಳಿಂದ ಒಡೆದ ಹೊಸ ತಾಲ್ಲೂಕುಗಳು: ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ಕೊಲ್ಹಾರ, ನಿಡಗುಂದಿ.
- ನದಿಗಳು: ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ. ಎರೆಮಣ್ಣಿನ ಬಯಲು, ಕಡಿಮೆ ಮಳೆ, ಹಿಂಗಾರಿ ಬಿಳಿಜೋಳ.

2. ಊಟ: ಉಳಿಸಿಕೊಳ್ಳಬೇಕಾದದ್ದು
- 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು, 4 ಮಿ.ಗ್ರಾಂ ಕಬ್ಬಿಣ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕ್ರಮವಾಗಿ ಸುಮಾರು 8 ಗ್ರಾಂ, 3 ಗ್ರಾಂ, 1 ಮಿ.ಗ್ರಾಂಗಿಂತ ಕಡಿಮೆ. ಜೋಳದಲ್ಲಿ ಗ್ಲುಟೆನ್ ಇಲ್ಲ.
- ಜೋಳದ ಕೊರತೆ: ಲೈಸಿನ್ ಎಂಬ ಅಮೈನೋ ಆಮ್ಲ. ಅದನ್ನು ತುಂಬುವುದು ತೊಗರಿ, ಹೆಸರು, ಮಡಕಿ ಕಾಳುಗಳು. ರೊಟ್ಟಿಯ ಜೊತೆ ಕಾಳುಪಲ್ಯ ಇರುವುದರ ಪೌಷ್ಟಿಕ ಪ್ರಯೋಜನ ಇದೇ.
- ಬಹುಪಾಲು ಜೋಳವನ್ನೇ ಉಣ್ಣುವ ಬಡವರಲ್ಲಿ ಪೆಲ್ಲಾಗ್ರ ಎಂಬ ವಿಟಮಿನ್ ಕೊರತೆಯ ರೋಗ ಕಂಡಿತ್ತು. ಜೋಳದಲ್ಲಿ ಲ್ಯೂಸಿನ್ ಹೆಚ್ಚಿರುವುದು ಕಾರಣವಿರಬಹುದೆಂದು ಪೌಷ್ಟಿಕ ವಿಜ್ಞಾನಿ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರಲ್ಲಿ ಮಂಡಿಸಿದರು.
- ಅಗಸಿ ಹಿಂಡಿಯಲ್ಲಿ ಒಮೆಗಾ-3, ಎಳ್ಳಿನಲ್ಲಿ ಕ್ಯಾಲ್ಸಿಯಂ, ಶೇಂಗಾ ಹಿಂಡಿಯಲ್ಲಿ ಪ್ರೋಟೀನ್.
- 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ. ಪ್ರಸ್ತಾವ ಮುಂದಿಟ್ಟದ್ದು ಭಾರತ.

3. ಚಹಾ, ಲಿಂಬೆ ಮತ್ತು ರಕ್ತಹೀನತೆ
- ಊಟದ ಜೊತೆ ಅಥವಾ ಊಟವಾದ ಕೂಡಲೇ ಕುಡಿದ ಚಹಾದ ಟ್ಯಾನಿನ್, ಧಾನ್ಯ-ಸೊಪ್ಪುಗಳ ಕಬ್ಬಿಣವನ್ನು ಮೈ ಹೀರದಂತೆ ತಡೆಯುತ್ತದೆ. ಕನಿಷ್ಠ ಒಂದು ತಾಸು ಅಂತರವಿರಬೇಕು.
- ಲಿಂಬೆಯ ವಿಟಮಿನ್ ಸಿ ಅದೇ ಕಬ್ಬಿಣ ಹೀರಲು ನೆರವಾಗುತ್ತದೆ. ಇಂಡಿ ಲಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಬೇಳೆ, ಪಲ್ಯ ಒಲೆಯಿಂದ ಇಳಿದ ಮೇಲೆ ಹಿಂಡಬೇಕು. ಬಿಸಿಗೆ ವಿಟಮಿನ್ ಸಿ ನಾಶವಾಗುತ್ತದೆ.
- ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5 (2019–21): ಕರ್ನಾಟಕದಲ್ಲಿ 15–49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ.
- ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆ: 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ. ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಆರಂಭ: 2018.

4. ಉಪ್ಪು, ಸಕ್ಕರೆ
- ವಿಶ್ವ ಆರೋಗ್ಯ ಸಂಸ್ಥೆಯ ಮಿತಿ: ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು (ಒಂದು ಟೀ ಚಮಚದಷ್ಟು). ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಿರ್ಚಿ ಭಜಿ, ಚೂಡಾಗಳಲ್ಲಿ ಇರುವುದೂ ಈ ಲೆಕ್ಕಕ್ಕೆ ಸೇರುತ್ತದೆ.
- ಸೇರಿಸಿದ ಸಕ್ಕರೆ: ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆ. ಹಣ್ಣು-ತರಕಾರಿ: ದಿನಕ್ಕೆ 400 ಗ್ರಾಂ.
- ಬೆಲ್ಲವೂ ರಕ್ತದ ಸಕ್ಕರೆ ಏರಿಸುತ್ತದೆ. ಮಧುಮೇಹಿಗಳಿಗೆ ವಿನಾಯಿತಿ ಇಲ್ಲ.

5. ದುಡಿಮೆ ಮತ್ತು ವ್ಯಾಯಾಮ
- ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಸುಗ್ಗಿ ಮುಗಿದ ಮೇಲೆ ಒಣಬೇಸಾಯದ ಕೆಲಸ ತಗ್ಗುತ್ತದೆ. ಗುಳೆ ಹೋಗುವವರದು ಬೇರೆ ಕಥೆ.
- ಟ್ರ್ಯಾಕ್ಟರ್, ಬೈಕ್ ಬಂದ ಮೇಲೆ ಮೈದಣಿವು ಇಳಿಯಿತು. ಆಗಲೂ ಊಟದ ಪ್ರಮಾಣ ಹಾಗೆಯೇ ಉಳಿದರೆ ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ.
- ವಯಸ್ಕರಿಗೆ ವಾರಕ್ಕೆ 150–300 ನಿಮಿಷ ಮಧ್ಯಮ ಶ್ರಮ. 5–17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ.
- ಭಾರತೀಯರಿಗೆ ಎಚ್ಚರಿಕೆಯ ಗೆರೆ: ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ.; ಬಿಎಂಐ 23ರಿಂದ ಅಧಿಕ ತೂಕ, 25ರಿಂದ ಬೊಜ್ಜು.

6. ತಂಬಾಕು
- ರೂಪಗಳು: ಸುಣ್ಣ ಬೆರೆಸಿದ ತಂಬಾಕು, ಗುಟ್ಕಾ, ಬೀಡಿ, ಹಲ್ಲಿಗೆ ತಿಕ್ಕುವ ಮಿಸ್ರಿ. ತಂಬಾಕು ಇಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ. ಬಾಯಿ ತೆರೆಯಲಾಗದ ಸಬ್‌ಮ್ಯೂಕಸ್ ಫೈಬ್ರೋಸಿಸ್‌ಗೆ ಮುಖ್ಯ ಕಾರಣ ಅಡಿಕೆ.
- ವಯಸ್ಕರ ಜಾಗತಿಕ ತಂಬಾಕು ಸಮೀಕ್ಷೆ-2 (2016–17): ಕರ್ನಾಟಕದಲ್ಲಿ ತಂಬಾಕು ಬಳಸುತ್ತಿದ್ದ ವಯಸ್ಕರು ಶೇ 22.8.
- ರಾಜ್ಯದಲ್ಲಿ ಗುಟ್ಕಾ ನಿಷೇಧ: 2013. ಕೇಂದ್ರದ ಕೋಟ್ಪಾ ಕಾಯ್ದೆ: 2003. ಕರ್ನಾಟಕ ತಿದ್ದುಪಡಿ 2025ರಲ್ಲಿ ಜಾರಿ: ಮಾರಾಟಕ್ಕೆ ವಯೋಮಿತಿ 21, ಸಾರ್ವಜನಿಕ ಧೂಮಪಾನಕ್ಕೆ ದಂಡ ₹1,000.
- ಬಿಡಲು ನೆರವು: 1800-11-2356.

7. ನೀರು, ಬಿಸಿಲು, ಹೊಗೆ
- ಜಿಲ್ಲೆಯ ಕೆಲವೆಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕ: ಲೀಟರಿಗೆ 1.0 ಮಿ.ಗ್ರಾಂ, ಬೇರೆ ಮೂಲವಿಲ್ಲದಿದ್ದರೆ ಗರಿಷ್ಠ 1.5. ಮೀರಿದರೆ ಹಲ್ಲಿನ, ಎಲುಬಿನ ಫ್ಲೋರೋಸಿಸ್. ನೀರು ಕುದಿಸಿದರೆ ಫ್ಲೋರೈಡ್ ಹೋಗದು.
- ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಬಾಯಾರಿಕೆಗೆ ಕಾಯದೆ ನೀರು, ಮಜ್ಜಿಗೆ. ಬಿರುಬಿಸಿಲಿನ ಕೆಲಸ ಬೆಳಿಗ್ಗೆ, ಸಂಜೆಗೆ. ಓಆರ್‌ಎಸ್ ಪೊಟ್ಟಣ ಒಂದು ಲೀಟರಿಗೆ 20.5 ಗ್ರಾಂ.
- ಕಟ್ಟಿಗೆ ಒಲೆಯ ಹೊಗೆ ಧೂಮಪಾನ ಮಾಡದ ಮಹಿಳೆಯರಿಗೂ ಶ್ವಾಸಕೋಶದ ದೀರ್ಘರೋಗ ತರಬಲ್ಲದು. ಬಡ ಮನೆಗಳಿಗೆ ಅಡುಗೆ ಅನಿಲ ಕೊಡುವ ಉಜ್ವಲಾ ಯೋಜನೆಯ ಆರಂಭ: 2016ರ ಮೇ 1.

8. ನಿದ್ದೆ, ಮನಸ್ಸು
- ವಯಸ್ಕರಿಗೆ ದಿನಕ್ಕೆ 7 ತಾಸಾದರೂ ನಿದ್ದೆ ಬೇಕು. 2 ವರ್ಷದೊಳಗಿನ ಮಕ್ಕಳಿಗೆ ಮೊಬೈಲ್ ಪರದೆ ಬೇಡ. 2–4 ವಯಸ್ಸಿಗೆ ದಿನಕ್ಕೆ ಒಂದು ತಾಸಿನೊಳಗೆ.
- ಮಾನಸಿಕ ನೆರವಿನ ಸಹಾಯವಾಣಿ ಟೆಲಿ-ಮಾನಸ್: 14416, ಆರಂಭ 2022ರ ಅಕ್ಟೋಬರ್ 10.

9. ತಪಾಸಣೆಯ ಅಂಕಿಗಳು
- ಅಧಿಕ ರಕ್ತದೊತ್ತಡ: 140/90 ಅಥವಾ ಹೆಚ್ಚು. ಮಧುಮೇಹ: ಖಾಲಿ ಹೊಟ್ಟೆಯ ಸಕ್ಕರೆ 126 ಮಿ.ಗ್ರಾಂ/ಡೆ.ಲೀ. ಅಥವಾ ಹೆಚ್ಚು, 100–125 ಮಧುಮೇಹಪೂರ್ವ ಹಂತ. ಎಚ್‌ಬಿಎ1ಸಿ: ಶೇ 6.5 ಅಥವಾ ಹೆಚ್ಚು ಇದ್ದರೂ ಮಧುಮೇಹ.
- ಐಸಿಎಂಆರ್-ಇಂಡಿಯಾಬ್ (2023): ದೇಶದಲ್ಲಿ 10.1 ಕೋಟಿ ಮಧುಮೇಹಿಗಳು.
- 30 ದಾಟಿದವರಿಗೆ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಸಕ್ಕರೆ ತಪಾಸಣೆ ಉಚಿತ.

10. ಗೊಂದಲ ಬೇಡ
- ವಿಶ್ವ ಆರೋಗ್ಯ ದಿನ: ಏಪ್ರಿಲ್ 7. ಅಧಿಕ ರಕ್ತದೊತ್ತಡ ದಿನ: ಮೇ 17. ತಂಬಾಕು ರಹಿತ ದಿನ: ಮೇ 31. ಯೋಗ ದಿನ: ಜೂನ್ 21. ಮಧುಮೇಹ ದಿನ: ನವೆಂಬರ್ 14.
- ಆಲಮಟ್ಟಿ ಈಗ ನಿಡಗುಂದಿ ತಾಲ್ಲೂಕಿನಲ್ಲಿದೆ. ಹಳೆಯ ಪುಸ್ತಕಗಳಲ್ಲಿ ಬಸವನ ಬಾಗೇವಾಡಿ ಎಂದಿರುತ್ತದೆ.

5 ಅಂಕದ ಪ್ರಶ್ನೆ: ಉತ್ತರ ಕರ್ನಾಟಕದ ಒಣಬೇಸಾಯದ ಸೀಮೆಯಲ್ಲಿ ಜೀವನಶೈಲಿ ರೋಗಗಳನ್ನು ತಡೆಯುವ ಬಗೆಯನ್ನು ವಿವರಿಸಿ.
ಉತ್ತರದ ಹಂದರ: ರೊಟ್ಟಿ-ಕಾಳು-ಸೊಪ್ಪಿನ ಊಟ ಉಳಿಸುವುದು; ಚಹಾ ದೂರ, ಲಿಂಬೆ ಹತ್ತಿರ; ಉಪ್ಪು 5 ಗ್ರಾಂ ಒಳಗೆ; ತಂಬಾಕು, ಅಡಿಕೆ ಎರಡನ್ನೂ ಬಿಡುವುದು; ಸುಗ್ಗಿ ಮುಗಿದ ಮೇಲೂ ನಡಿಗೆ; 30ರಿಂದ ತಪಾಸಣೆ.