ಪಕ್ಷಪಾತ ಮತ್ತು ಪೂರ್ವಗ್ರಹ: ಒಂದು ವಿವೇಚನೆ

ಲೋಕವ್ಯವಹಾರದಲ್ಲಿ ‘ಪಕ್ಷಪಾತ’ ಹಾಗೂ ‘ಪೂರ್ವಗ್ರಹ’ ಎಂಬ ಎರಡು ಶಬ್ದಗಳನ್ನು ನಾವು ಬಹುಮಟ್ಟಿಗೆ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಎರಡೂ ದೋಷಗಳೆಂಬುದು ನಿಜ. ಆದರೆ ಇವು ಬೇರೆ ಬೇರೆ ರೋಗಗಳು. ಒಂದರ ಔಷಧವು ಮತ್ತೊಂದಕ್ಕೆ ಸಲ್ಲದು. ಆದುದರಿಂದ ಇವುಗಳ ಭೇದವನ್ನು ಅರಿಯುವುದು ಅವಶ್ಯಕ.

ಮೊದಲು ಶಬ್ದಾರ್ಥವನ್ನು ನೋಡೋಣ. ‘ಪಕ್ಷ’ವೆಂದರೆ ಪಾರ್ಶ್ವ, ‘ಪಾತ’ವೆಂದರೆ ಬೀಳುವಿಕೆ. ತಕ್ಕಡಿಯ ಮುಳ್ಳಿನಂತೆ ಮನಸ್ಸು ಒಂದು ಪಾರ್ಶ್ವಕ್ಕೆ ವಾಲುವುದೇ ಪಕ್ಷಪಾತ. ‘ಪೂರ್ವ’ವೆಂದರೆ ಮೊದಲು, ‘ಗ್ರಹ’ವೆಂದರೆ ಹಿಡಿಯುವಿಕೆ. ವಿಷಯವನ್ನು ಪರೀಕ್ಷಿಸುವ ಮುನ್ನವೇ ನಿರ್ಣಯವನ್ನು ಹಿಡಿದುಕೊಳ್ಳುವುದು ಪೂರ್ವಗ್ರಹ. ಕೆಲವರು ‘ಪೂರ್ವಾಗ್ರಹ’ವೆಂದು ಬರೆಯುವರು. ಹಿಡಿದುದನ್ನು ಬಿಡದ ಹಠವು ಅದರಲ್ಲಿ ಸೂಚಿತವಾಗುವುದರಿಂದ ಆ ರೂಪವೂ ಅರ್ಥಹೀನವಲ್ಲ. ಪಕ್ಷಪಾತಿಯು ನೋಡಿಯೂ ವಾಲುತ್ತಾನೆ; ಪೂರ್ವಗ್ರಹವುಳ್ಳವನು ನೋಡುವುದೇ ಇಲ್ಲ.

ಪಕ್ಷಪಾತಕ್ಕೆ ಧೃತರಾಷ್ಟ್ರನಿಗಿಂತ ಸ್ಪಷ್ಟವಾದ ನಿದರ್ಶನ ಬೇರೆ ಬೇಕಿಲ್ಲ. ಉದ್ಯೋಗಪರ್ವದಲ್ಲಿ ಆತನು ರಾತ್ರಿಯೆಲ್ಲ ವಿದುರನ ನೀತಿಯನ್ನು ಕೇಳುತ್ತಾನೆ. ಅದು ಯುಕ್ತವೆಂದು ಒಪ್ಪುತ್ತಾನೆ. ಆದರೆ ದುರ್ಯೋಧನನು ಎದುರಿಗೆ ಬಂದೊಡನೆ ತನ್ನ ಬುದ್ಧಿಯು ಮತ್ತೆ ತಿರುಗಿಬಿಡುವುದೆಂದು ತಾನೇ ಹೇಳಿಕೊಳ್ಳುತ್ತಾನೆ. ಆತನಲ್ಲಿ ಜ್ಞಾನದ ಕೊರತೆಯಿರಲಿಲ್ಲ. ಪುತ್ರಸ್ನೇಹದ ಭಾರ ಹೆಚ್ಚಾಗಿತ್ತು.

ಪೂರ್ವಗ್ರಹದ ಸ್ವರೂಪವು ವಿಭೀಷಣ ಶರಣಾಗತಿಯ ಪ್ರಸಂಗದಲ್ಲಿ ತಿಳಿಯುತ್ತದೆ. ಬಂದವನು ರಾಕ್ಷಸ, ರಾವಣನ ತಮ್ಮ. ಆದುದರಿಂದ ವಧಾರ್ಹನೆಂದು ಸುಗ್ರೀವನು ಹೇಳಿದನು. ವ್ಯಕ್ತಿಯನ್ನು ನೋಡದೆ ಕುಲದ ಮೇಲೆ ತೀರ್ಪು ಬಂದಿತು. ಹನುಮಂತನಾದರೋ ವಿಭೀಷಣನ ಮಾತು, ಮುಖಭಾವ, ಬಂದ ಕಾಲ ಇವುಗಳನ್ನು ಪರಿಶೀಲಿಸಿ ಸ್ವೀಕಾರಾರ್ಹನೆಂದು ನಿರ್ಣಯಿಸಿದನು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸುಗ್ರೀವನಲ್ಲಿ ದುಷ್ಟಬುದ್ಧಿಯಿರಲಿಲ್ಲ, ಶ್ರೀರಾಮನ ಮೇಲಿನ ಪ್ರೀತಿಯೇ ಅವನಿಂದ ಹಾಗೆ ನುಡಿಸಿತು. ಸದುದ್ದೇಶವುಳ್ಳವನಲ್ಲಿಯೂ ಪೂರ್ವಗ್ರಹವು ನೆಲೆಸಬಲ್ಲದು.

ಈ ಎರಡು ದೋಷಗಳೂ ನಮ್ಮಲ್ಲಿಯೇ ಇದ್ದುದನ್ನು ಸೇವಾಕಾಲದಲ್ಲಿ ಕಂಡುಕೊಂಡೆವು. ಸಂಕೋಚವನ್ನು ಬಿಟ್ಟು ನಿವೇದಿಸುತ್ತೇವೆ.

ರೈಲ್ವೆಯಲ್ಲಿ ಒಮ್ಮೆ ಬಡ್ತಿಯ ಮೌಖಿಕ ಪರೀಕ್ಷೆಯ ಮಂಡಳಿಯಲ್ಲಿ ಕುಳಿತಿದ್ದೆವು. ಅಭ್ಯರ್ಥಿಗಳಲ್ಲಿ ಒಬ್ಬನು ನಮ್ಮ ಜಿಲ್ಲೆಯವನು, ಕನ್ನಡಿಗ. ಸಿಗ್ನಲ್ ಕೆಟ್ಟಾಗ ಅನುಸರಿಸಬೇಕಾದ ನಿಯಮವನ್ನು ಕೇಳಿದಾಗ ತಡವರಿಸಿದನು. ನಾವು ಪ್ರಶ್ನೆಯನ್ನು ಸುಲಭಗೊಳಿಸಿ ಮತ್ತೊಮ್ಮೆ ಕೇಳಿದೆವು. ಉಳಿದವರಿಗೆ ಈ ಎರಡನೆಯ ಅವಕಾಶವನ್ನು ಕೊಟ್ಟಿರಲಿಲ್ಲವೆಂಬುದು ಅಂಕಗಳನ್ನು ಕೂಡಿಸುವಾಗ ಹೊಳೆಯಿತು. ಇದು ಪಕ್ಷಪಾತ.

ಎರಡನೆಯದು ಇದಕ್ಕಿಂತ ಘೋರವಾದುದು. ಪಾರ್ಸೆಲ್ ಕಚೇರಿಯೊಂದರಲ್ಲಿ ಸರಕಿನ ತೂಕ ಪದೇ ಪದೇ ಕಡಿಮೆ ಬರುತ್ತಿರುವುದಾಗಿ ದೂರು ಬಂದಿತು. ಅಲ್ಲಿಯ ಗುಮಾಸ್ತನು ದೂರದ ಪ್ರಾಂತದವನು. ಆ ಪ್ರಾಂತದವರ ಕೈ ಶುದ್ಧವಲ್ಲವೆಂಬುದು ಕಚೇರಿಯಲ್ಲಿ ಎಲ್ಲರ ಬಾಯಲ್ಲಿದ್ದ ಮಾತು. ನಾವು ಕಡತವನ್ನು ಪೂರ್ತಿ ಓದದೆ ಅಮಾನತಿನ ಆಜ್ಞೆಗೆ ಸಹಿ ಮಾಡಿದೆವು. ಎರಡು ತಿಂಗಳಾದ ಮೇಲೆ ಹಿರಿಯ ಇನ್‌ಸ್ಪೆಕ್ಟರರೊಬ್ಬರು ತೂಕದ ಯಂತ್ರವನ್ನೇ ಪರೀಕ್ಷೆ ಮಾಡಿಸಿದರು. ದೋಷವಿದ್ದುದು ಯಂತ್ರದಲ್ಲಿ! ಅಮಾನತು ರದ್ದಾಯಿತು, ಬಾಕಿ ವೇತನವೂ ಸಂದಿತು. ಆದರೆ ಮರಳಿ ಬಂದು ಆತನು ಕೈಮುಗಿದಾಗ ನಮಗೆ ತಲೆಯೆತ್ತಲಾಗಲಿಲ್ಲ. ಮುಂಬಯಿಗೆ ಹೊಸದಾಗಿ ಬಂದಿದ್ದ ದಿನಗಳಲ್ಲಿ, ‘ಮದರಾಸಿ’ಗಳಿಗೆ ಮನೆ ಕೊಡುವುದಿಲ್ಲವೆಂದು ಬಾಗಿಲು ಮುಚ್ಚಿಸಿಕೊಂಡಿದ್ದವರು ನಾವೇ ಅಲ್ಲವೇ? ಉಂಡ ನೋವನ್ನೇ ಇನ್ನೊಬ್ಬನಿಗೆ ಬಡಿಸಿದ್ದೆವು.

ಇನ್ನು ಪರಿಹಾರದ ವಿಚಾರ. ಸ್ನೇಹವನ್ನು ಮನಸ್ಸಿನಿಂದ ಕಿತ್ತೆಸೆಯುವುದು ಅಸಾಧ್ಯ. ಆದುದರಿಂದ ಪಕ್ಷಪಾತಕ್ಕೆ ಔಷಧವೆಂದರೆ ನಿರ್ಣಾಯಕನ ಪೀಠದಿಂದ ಏಳುವುದು. 1969ರಲ್ಲಿ ಕ್ರೈಪಾಕ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ತತ್ತ್ವವನ್ನೇ ಎತ್ತಿಹಿಡಿಯಿತು. ಜಮ್ಮು-ಕಾಶ್ಮೀರದ ಅರಣ್ಯಾಧಿಕಾರಿಗಳ ಆಯ್ಕೆ ಮಂಡಳಿಯ ಸದಸ್ಯರೊಬ್ಬರು ತಾವೂ ಅಭ್ಯರ್ಥಿಗಳಾಗಿದ್ದರು. ತಮ್ಮ ಹೆಸರಿನ ಪರಿಶೀಲನೆಯಲ್ಲಿ ಭಾಗವಹಿಸದಿದ್ದರೂ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕುಳಿತಿದ್ದರು. ನ್ಯಾಯಾಲಯವು ಆಯ್ಕೆಯನ್ನು ರದ್ದುಪಡಿಸಿತು. ಪಕ್ಷಪಾತ ನಡೆಯಿತೆಂದು ಸಿದ್ಧಪಡಿಸಬೇಕಿಲ್ಲ. ಅದಕ್ಕೆ ಯುಕ್ತವಾದ ಸಂಭವವಿದ್ದರೆ ಸಾಕು ಎಂಬುದು ಅದರ ತಾತ್ಪರ್ಯ.

ಪೂರ್ವಗ್ರಹಕ್ಕೆ ಈ ಔಷಧವು ನಾಟದು. ಏಕೆಂದರೆ ಆ ದೋಷವುಳ್ಳವನಿಗೆ ತನ್ನಲ್ಲಿ ದೋಷವಿದೆಯೆಂದೇ ತಿಳಿದಿರುವುದಿಲ್ಲ. ಅವನು ಪೀಠದಿಂದ ಏಳುವುದೆಂತು? ಅದಕ್ಕೆ ನಮ್ಮ ಶಾಸ್ತ್ರಕಾರರು ಅನುಸರಿಸಿದ ಪೂರ್ವಪಕ್ಷದ ಕ್ರಮವೇ ಔಷಧ. ಶ್ರೀ ವ್ಯಾಸರಾಜರ ‘ನ್ಯಾಯಾಮೃತ’ದಲ್ಲಿ ಪ್ರತಿವಾದಿಯ ಯುಕ್ತಿಗಳು ವಿಸ್ತಾರವಾಗಿ ನಿರೂಪಿತವಾದ ಮೇಲೆಯೇ ಖಂಡನೆಯು ಬರುತ್ತದೆ. ‘ಪೂರ್ವಪಕ್ಷ’, ‘ಪೂರ್ವಗ್ರಹ’ ಎರಡರಲ್ಲಿಯೂ ‘ಪೂರ್ವ’ವೇ ಇದೆ. ಆದರೆ ಒಂದನ್ನು ಮೊದಲಿಡುವುದು ಪರೀಕ್ಷಿಸುವುದಕ್ಕಾಗಿ, ಇನ್ನೊಂದನ್ನು ಮೊದಲೇ ಹಿಡಿಯುವುದು ಪರೀಕ್ಷೆಯನ್ನು ತಪ್ಪಿಸುವುದಕ್ಕಾಗಿ.

ಪರಸ್ಥಳದಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಈ ವಿವೇಕವು ನಿತ್ಯವೂ ಬೇಕು. ಇಬ್ಬರು ಮಕ್ಕಳ ಜಗಳ ತೀರಿಸುವಾಗ ಯಾರ ಕಡೆಗೆ ವಾಲುತ್ತಿದ್ದೇವೆಂದು ನೋಡಿಕೊಳ್ಳಬೇಕು. ಅಗತ್ಯವಿದ್ದಲ್ಲಿ ತೀರ್ಮಾನವನ್ನು ಅಜ್ಜಿಗೋ ಸೋದರಮಾವನಿಗೋ ಬಿಡಬೇಕು. ಸಂಬಂಧ ನೋಡುವಾಗ ‘ಆ ಊರಿನವರೆಂದರೆ ಹೀಗೆಯೇ’, ‘ಆ ಮಠದವರೆಂದರೆ ಹಾಗೆಯೇ’ ಎಂಬ ಮಾತು ಬಾಯಿಗೆ ಬಂದೊಡನೆ ‘ನಾವು ಕಂಡದ್ದೆಷ್ಟು, ಕೇಳಿದ್ದೆಷ್ಟು?’ ಎಂದು ಪ್ರಶ್ನಿಸಿಕೊಳ್ಳಬೇಕು. ನೆರೆಮನೆಯ ಮರಾಠಿ, ತಮಿಳು, ತೆಲುಗು ಕುಟುಂಬಗಳ ವಿಷಯದಲ್ಲಿಯೂ ಇದೇ ನ್ಯಾಯ. ದೊಡ್ಡವರ ಮಾತನ್ನು ಮಕ್ಕಳು ಪರೀಕ್ಷಿಸದೆ ಸ್ವೀಕರಿಸುವರು. ನಮ್ಮ ಪೂರ್ವಗ್ರಹವು ಅವರಿಗೆ ಪಿತ್ರಾರ್ಜಿತವಾಗಬಾರದು.

ಆ ಗುಮಾಸ್ತನ ಕಡತವನ್ನು ಅಂದೇ ಪೂರ್ತಿ ಓದಿದ್ದರೆ ಅರ್ಧ ಗಂಟೆ ಹಿಡಿಯುತ್ತಿತ್ತು. ಓದದಿದ್ದುದಕ್ಕೆ ಆತನು ಎರಡು ತಿಂಗಳು ತೆತ್ತನು.